ಹಿರಿಯರ ನಡಿಗೆಗೂ ಮುಯ್ಯಾಳು ಬೇಕು

ಬೇಸಿಗೆಯೆಲ್ಲ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳನ್ನು ಮುಂಗಾರು ಹದವಾದ ಮೊದಲ ದಿನವೇ ಬೆಳಗಿನಿಂದ ಬೈಗಿನವರೆಗೆ ಉಳುಮೆಗೆ ಹೂಡುವ ಬೇಸಾಯಗಾರ ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಯುಗಾದಿಯ ಹೊನ್ನಾರಿನಲ್ಲಿ ನಾಲ್ಕು ಸಾಲು, ಆಮೇಲೆ ಒಂದು ಹೊತ್ತಿನ ಕೆಲಸ, ಮೈ ಪಳಗಿದ ಮೇಲೆ ಇಡೀ ದಿನ. ಕಟ್ಟಿದಲ್ಲೇ ನಿಂತ ಎತ್ತಿಗೆ ಗೊರಸು ಬೆಳೆಯುತ್ತದೆ, ಕಾಲು ಸೋಲುತ್ತದೆ ಎಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಮನೆಯ ಯಜಮಾನನ ವಿಷಯ ಬಂದಾಗ ಈ ತಿಳಿವಳಿಕೆಯನ್ನು ನಾವು ಬದಿಗಿಡುತ್ತೇವೆ. ಅರವತ್ತೈದು ದಾಟಿತೆಂದರೆ ಮಗ, "ನೀನ್ ಕುಂತ್ಕೊಪ್ಪ, ನಾವ್ ನೋಡ್ಕತೀವಿ" ಎನ್ನುತ್ತಾನೆ. ಸೊಸೆ ಅತ್ತೆಯ ಕೈಯಿಂದ ಮೊರವನ್ನು ಇಸಿದುಕೊಳ್ಳುತ್ತಾಳೆ. ಪ್ರೀತಿಯಿಂದಲೇ ಆಡುವ ಮಾತು, ನೆರೆಹೊರೆಯವರೂ ಮೆಚ್ಚುವ ನಡತೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಆ ಯಜಮಾನ ಜಗಲಿಯಿಂದ ಏಳಲು ಕಂಬ ಹಿಡಿಯಬೇಕಾಗುತ್ತದೆ. "ವಯಸ್ಸಾಯ್ತಲ್ಲ" ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ವಯಸ್ಸಿನ ಪಾಲು ಇದ್ದೇ ಇದೆ. ಆದರೆ ಕುಳಿತದ್ದರ ಪಾಲು ಎಷ್ಟೆಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಹತ್ತು ದಿನಕ್ಕೆ ಒಂದು ಕಿಲೊ

ಅಮೆರಿಕದ ವೈದ್ಯರು ಇದನ್ನು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಸರಾಸರಿ 67 ವರ್ಷದ, ರೋಗರುಜಿನವಿಲ್ಲದ 12 ಮಂದಿ ತಾವಾಗಿ ಒಪ್ಪಿ 10 ದಿನ ಹಾಸಿಗೆಯಲ್ಲಿ ಮಲಗಿದ್ದರು. ಹೊಟ್ಟೆಗೆ ಏನೂ ಕಡಮೆ ಮಾಡಿರಲಿಲ್ಲ. ಹತ್ತು ದಿನಗಳ ನಂತರ ನೋಡಿದರೆ ಕಾಲುಗಳಿಂದ ಹೆಚ್ಚುಕಡಮೆ ಒಂದು ಕಿಲೊ ಮಾಂಸಖಂಡ ಇಳಿದುಹೋಗಿತ್ತು. ಹತ್ತು ದಿನವೆಂದರೆ ನಮ್ಮಲ್ಲಿ ಒಂದು ಜ್ವರಕ್ಕೆ ಮಲಗಿ ಏಳುವ ಕಾಲ. ಜ್ವರ ಬಿಟ್ಟ ಮೇಲೂ "ಇನ್ನೂ ಸ್ವಲ್ಪ ಮಲಕ್ಕೊ" ಎನ್ನುವ ಮನೆಯವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಇಳಿದದ್ದು ಮತ್ತೆ ಬರುವುದೇ? ಬರುತ್ತದೆ. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಕಾಲಿನಿಂದ ಭಾರ ಎತ್ತುವ ಕಸರತ್ತು ಮಾಡಿಸಿದರು. ಎಂಟು ವಾರ ಪೂರೈಸಿದವರ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ಎಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮೀರಿತು. ತೊಂಬತ್ತರ ಅಜ್ಜನ ಕಾಲಿಗೇ ಇಷ್ಟು ಸಾಧ್ಯವೆಂದ ಮೇಲೆ ಅರವತ್ತೈದರ ನಮ್ಮ ರೈತ ಕೈಚೆಲ್ಲಿ ಕೂರುವುದರಲ್ಲಿ ಅರ್ಥವಿಲ್ಲ.

ನಮ್ಮ ತಾತಂದಿರ ಕಾಲದಲ್ಲಿ ಇದನ್ನೆಲ್ಲ ಹೇಳಬೇಕಾಗಿರಲಿಲ್ಲ. ನೇಗಿಲು ಬಿಟ್ಟವರು ದನ ಕಾಯುತ್ತಿದ್ದರು, ಬದು ಕೆತ್ತುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು, ಜೋಳಕ್ಕೆ ಹಕ್ಕಿ ಓಡಿಸುತ್ತಿದ್ದರು. ಅಜ್ಜಿಯರ ಕೈ ಬೀಸುವ ಕಲ್ಲಿನ ಮೇಲೆ ಇರುತ್ತಿತ್ತು. ಈಗ ಉಳುಮೆಗೆ ಟ್ರಾಕ್ಟರು, ಹಿಟ್ಟಿಗೆ ಮಿಲ್ಲು, ಪಂಪ್‌ಸೆಟ್ಟಿನ ಮೋಟಾರನ್ನು ಮನೆಯಲ್ಲಿ ಕುಳಿತು ಮೊಬೈಲಿನಿಂದ ಚಾಲೂ ಮಾಡುವ ಸೌಕರ್ಯ. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ಬೀಸಿ ಬೀಸಿ ರಟ್ಟೆ ಸೋತ ಹೆಂಗಸರಿಗೆ ಮಿಲ್ಲು ಬಂದದ್ದು ದೊಡ್ಡ ಉಪಕಾರ. ಆದರೆ ಮುದುಕರ ಪಾಲಿನ ಹಗುರ ಕೆಲಸವೂ ಅದರ ಜೊತೆಗೇ ಹೋಯಿತು. ಆ ಜಾಗಕ್ಕೆ ಏನನ್ನೂ ನಾವು ತಂದಿಡಲಿಲ್ಲ.

ಬಿದ್ದರೆ ಏನಾಗುತ್ತದೆ

ಕಾಲಿನ ಬಲ ಕಡಮೆಯಾದರೆ ಕೆಲಸ ಕೆಡುತ್ತದೆ ಎನ್ನುವುದು ಸಣ್ಣ ಮಾತು. ದೊಡ್ಡ ಭಯ ಬೀಳುವುದರದ್ದು. ಬಚ್ಚಲಿನ ಪಾಚಿ ಕಲ್ಲು, ಗದ್ದೆಯ ಒದ್ದೆ ಬದು, ಹಟ್ಟಿಯ ಹೊಸ್ತಿಲು, ಇಷ್ಟೇ ಸಾಕು. ಮುಪ್ಪಿನಲ್ಲಿ ತೊಡೆಮೂಳೆಯ ಕತ್ತು ಮುರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಗತಿ. ಮಲಗಿದಲ್ಲೇ ಇದ್ದರೆ ಬೆನ್ನುಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಹೀಗೆ ಬಿದ್ದವರಲ್ಲಿ ವರ್ಷದೊಳಗೆ ತೀರಿಕೊಳ್ಳುವವರು ಕಡಮೆಯೇನಲ್ಲ. ಉಳಿದವರಲ್ಲೂ ಅನೇಕರು ಮೊದಲಿನಂತೆ ಓಡಾಡಲಾರರು. ಕುಯ್ಲಿನ ಹೊತ್ತಿಗೆ ಹೀಗಾದರೆ ಮನೆಯ ಒಂದಾಳು ಹಾಸಿಗೆಯ ಪಕ್ಕವೇ ಕೂರಬೇಕು. ಆಸ್ಪತ್ರೆಯ ಖರ್ಚಿಗೆ ಕತ್ತಿನ ಸರ ಅಡವಿಗೆ ಹೋಗುವುದೂ, ಅರ್ಧ ಎಕರೆಯ ಮಾತು ಬರುವುದೂ ಹಳ್ಳಿಯವರಿಗೆ ಹೊಸದಲ್ಲ.

ಬೀಳುವುದನ್ನು ತಡೆಯಲು ಬರುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾಗಿದೆ. ಹಾಲು ಬೆಣ್ಣೆಗೆ ಹೆಸರಾದ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಕೆಲವು ಕಸರತ್ತುಗಳನ್ನು ರೂಪಿಸಿ ಮುದುಕರಿಗೆ ಕಲಿಸಿದರು. ನಾಲ್ಕು ಪರೀಕ್ಷೆಗಳ ಲೆಕ್ಕ ಸೇರಿಸಿ ನೋಡಿದಾಗ ಬೀಳುವ ಪ್ರಸಂಗ ನೂರಕ್ಕೆ 35ರಷ್ಟು ತಗ್ಗಿತ್ತು. ಹೆಚ್ಚಿನ ಪ್ರಯೋಜನ ಆದದ್ದು ಎಂಬತ್ತು ದಾಟಿದವರಿಗೆ. ಔಷಧವಿಲ್ಲ, ಸೂಜಿಯಿಲ್ಲ. ಒಂದು ಕುರ್ಚಿ, ಹಿಡಿದುಕೊಳ್ಳಲು ಒಂದು ಆಸರೆ, ಕಾಲಿಗೆ ಕಟ್ಟುವ ಸಣ್ಣ ಭಾರ, ಇವಿಷ್ಟೇ ಸಲಕರಣೆ.

ಹದಿನಾರು ಮುಖದ ಚಾವಡಿ

ಕಸರತ್ತನ್ನು ಹೇಳಿಕೊಡುವುದು ಸುಲಭ. ಬಿಡದೆ ಮಾಡಿಸುವುದು ಕಷ್ಟ. ಒಬ್ಬನೇ ಆದವನು ಮೂರು ದಿನ ನಡೆದು ನಾಲ್ಕನೆಯ ದಿನ ಮೋಡ ನೋಡಿ ಮಲಗುತ್ತಾನೆ. ಜೊತೆಗಾರ ಬಂದು ಬಾಗಿಲಲ್ಲಿ ಕೆಮ್ಮಿದರೆ ಎದ್ದು ಬರುತ್ತಾನೆ.

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ಹೋದವರು ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನವನ್ನು ನೋಡಿರುತ್ತಾರೆ. ಅಲ್ಲಿನ ಹದಿನಾರು ಮುಖದ ಚಾವಡಿ ಬಹಳ ಹೆಸರುವಾಸಿ. ಅರಸನಿಗೆ ಹದಿನಾರು ಮಂದಿ ಅಳಿಯಂದಿರಂತೆ. ಯಾರು ಮುಂದೆ, ಯಾರು ಹಿಂದೆ ಎಂಬ ಜಗಳ ಬಾರದಿರಲೆಂದು ಒಬ್ಬೊಬ್ಬರಿಗೆ ಒಂದೊಂದು ಮುಖವಿಟ್ಟು ಇದನ್ನು ಕಟ್ಟಿಸಿದನಂತೆ. ಇದು ಜನರ ಬಾಯಲ್ಲಿ ಬಂದ ಕಥೆ, ಚರಿತ್ರೆಯ ಸಾಕ್ಷಿ ಕೇಳಬಾರದು. ಆದರೆ ಕಥೆ ಕಟ್ಟಿದವರಿಗೆ ಹಿರಿಯರ ಕೂಟದ ಮರ್ಮ ಚೆನ್ನಾಗಿ ಗೊತ್ತಿತ್ತು. ಎತ್ತರದ ಕಲ್ಲಿನ ಮೇಲೆ ಒಬ್ಬ ಕುಳಿತು ಉಳಿದವರು ಕೆಳಗೆ ಕೂರುವ ಕೂಟ ಬಹುಕಾಲ ಬಾಳುವುದಿಲ್ಲ.

ನಮ್ಮ ಊರುಗಳ ಜಗಲಿ ಕಟ್ಟೆಗಳ ವಿಷಯವನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದು ಕೇರಿಯವರು ಕೂರುವ ಕಟ್ಟೆಗೆ ಇನ್ನೊಂದು ಕೇರಿಯ ಹಿರಿಯರು ಬರುವುದು ಎಷ್ಟೋ ಕಡೆ ಇಂದಿಗೂ ಅಪರೂಪ. ನಡಿಗೆಗೆ ಆ ತೊಡಕಿಲ್ಲ. ರಸ್ತೆ ಎಲ್ಲರದು. ಹಾಗೆಯೇ ಗ್ರಾಮ ಪಂಚಾಯ್ತಿಯ ವಾಚನಾಲಯ, ಈಗ ಅರಿವು ಕೇಂದ್ರವೆಂದು ಬೋರ್ಡು ಹಾಕಿರುವುದು, ಅದೂ ಎಲ್ಲರದು. ಕೂಟ ಸೇರಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಸಿಗಲಾರದು.

ಮುಯ್ಯಾಳಿನ ಲೆಕ್ಕ

ನಾಟಿಗೆ, ಕಳೆಗೆ, ಕುಯ್ಲಿಗೆ ನಾವು ಮುಯ್ಯಾಳು ಮಾಡಿಕೊಂಡು ಬಂದವರು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯ ಮಾತಿಲ್ಲ, ಆದರೆ ತಪ್ಪಿಸುವಂತಿಲ್ಲ. ತಪ್ಪಿಸಿದವನ ಗದ್ದೆಗೆ ಮುಂದಿನ ಸಲ ಯಾರೂ ಇಳಿಯುವುದಿಲ್ಲ. ಈ ಕಟ್ಟನ್ನೇ ನಡಿಗೆಗೆ ತರಬಹುದು. ಐದಾರು ಮಂದಿಯ ಒಂದು ಗುಂಪು. ಇಬ್ಬಿಬ್ಬರು ಜೋಡಿ. ಬೆಳಿಗ್ಗೆ ಒಬ್ಬ ಇನ್ನೊಬ್ಬನ ಬಾಗಿಲಿಗೆ ಹೋಗಬೇಕು, ಮರುದಿನ ಅವನು ಇವನ ಬಾಗಿಲಿಗೆ. ಬಾರದಿದ್ದರೆ ಏಕೆಂದು ಕೇಳುವ ಹಕ್ಕು ಜೋಡಿಗಿದೆ. ಹತ್ತಿಪ್ಪತ್ತು ಮಂದಿಯ ದೊಡ್ಡ ಸಂಘ ಕಟ್ಟಿ, ಅಧ್ಯಕ್ಷ ಕಾರ್ಯದರ್ಶಿಗಳನ್ನು ಆರಿಸಲು ಹೊರಟರೆ ನಡಿಗೆ ನಿಂತು ಚುನಾವಣೆ ಶುರುವಾಗುತ್ತದೆ. ಅದು ಬೇಡ.

ಜೊತೆಯ ಗುಣ ಕಾಲಿಗಷ್ಟೇ ಅಲ್ಲ. ಹೆಂಡತಿ ತೀರಿಕೊಂಡವನು, ಗಂಡನನ್ನು ಕಳೆದುಕೊಂಡವಳು, ಮಕ್ಕಳೆಲ್ಲ ಬೆಂಗಳೂರು ಸೇರಿ ಒಂಟಿಯಾದವರು ಊಟ ಬಿಡುತ್ತಾರೆ, ನಿದ್ದೆ ಕೆಡುತ್ತಾರೆ, ಮಾತು ಕಡಮೆ ಮಾಡುತ್ತಾರೆ. ಇದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಗೋವಾದಲ್ಲಿ 60 ದಾಟಿದ, ಮನಸ್ಸು ಕುಗ್ಗಲು ಆರಂಭಿಸಿದ್ದ 181 ಮಂದಿಯನ್ನು ಎರಡು ಪಾಲು ಮಾಡಿ ಒಂದು ಪಾಲಿನವರ ಮನೆಗಳಿಗೆ ತರಬೇತಿ ಪಡೆದ ಸಾಮಾನ್ಯ ಜನರನ್ನು ಕಳಿಸಿದರು. ಇವರು ಡಾಕ್ಟರರಲ್ಲ. ಕುಳಿತು ಕಷ್ಟ ಕೇಳಿದರು, ಒಂದೊಂದೇ ತೊಡಕನ್ನು ಬಿಡಿಸುವ ದಾರಿ ತೋರಿಸಿದರು, ನಿದ್ದೆಗೆ ಸಲಹೆ ಕೊಟ್ಟರು, ಸರ್ಕಾರದ ಸವಲತ್ತು ಪಡೆಯಲು ನೆರವಾದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವರ್ಷದೊಳಗೆ ಈ ಪಾಲಿನಲ್ಲಿ ನೂರಕ್ಕೆ ನಾಲ್ವರು ಮಾತ್ರ ಖಿನ್ನತೆಯ ರೋಗಕ್ಕೆ ಬಿದ್ದರು. ಇನ್ನೊಂದು ಪಾಲಿನಲ್ಲಿ ನೂರಕ್ಕೆ ಹದಿನಾಲ್ಕು. ಸಂಧ್ಯಾ ಸುರಕ್ಷೆಯ ಹಣ ಬ್ಯಾಂಕಿಗೆ ಬಾರದೆ ನಿಂತಿದೆಯೆಂಬ ಸಂಕಟವನ್ನು ಮಗನಿಗೆ ಹೇಳಲಾಗದವರು ದಾರಿಯಲ್ಲಿ ಜೊತೆಗಾರನಿಗೆ ಹೇಳುತ್ತಾರೆ. ಆ ಜೊತೆಗಾರ ನಾಡಕಚೇರಿಗೆ ಜೊತೆಯಲ್ಲಿ ಬರುತ್ತಾನೆ. ಇದೂ ಮುಯ್ಯಾಳೇ.

ಮರೆವಿನ ರೋಗದ ಮಾತೂ ಇಲ್ಲಿಗೇ ಸೇರುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 2018ರಿಂದ 45 ದಾಟಿದ ರೈತಾಪಿ ಜನರ ನೆನಪು, ನಡಿಗೆ, ರಕ್ತ ಮೊದಲಾದುವನ್ನು ಪರೀಕ್ಷಿಸುತ್ತ ಬಂದಿದೆ. ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಗಮನಿಸಬೇಕೆಂಬುದು ಗುರಿ. ಜಗತ್ತಿನ ತಜ್ಞರ ಒಂದು ಮಂಡಳಿ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮರೆವಿನ ರೋಗಕ್ಕೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಹೆಸರಿಸಿತು. ಮೈಗೆ ಚಟುವಟಿಕೆ ಇಲ್ಲದಿರುವುದು, ಒಂಟಿತನ, ಏರಿದ ರಕ್ತದೊತ್ತಡ, ಕಿವಿ ಮಂದವಾಗುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಕಿವಿ ಕೇಳದವರನ್ನು ಕೂಟದಿಂದ ಬಿಡಬಾರದು. ಪಕ್ಕದಲ್ಲೇ ನಡೆಸಿಕೊಂಡು ಗಟ್ಟಿಯಾಗಿ ಮಾತಾಡಿದರಾಯಿತು.

ಜಪಾನಿನಲ್ಲಿ 1928ರಿಂದ ರೇಡಿಯೊದಲ್ಲಿ ಬೆಳಗಿನ ಕಸರತ್ತಿನ ಕಾರ್ಯಕ್ರಮವಿದೆ. ಈಗಿನ ರೂಪಕ್ಕೆ ಬಂದದ್ದು 1951ರಲ್ಲಿ. ಬೆಳಿಗ್ಗೆ ಆರೂವರೆಗೆ ಬಯಲಿನಲ್ಲಿ ಸೇರಿ, ರೇಡಿಯೊದ ಪಿಯಾನೊ ನಾದಕ್ಕೆ ಕೈಕಾಲು ಆಡಿಸುವ ಮುದುಕರ ಗುಂಪುಗಳು ಅಲ್ಲಿ ಇಂದಿಗೂ ಕಾಣುತ್ತವೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಸ್ಥಾಪಿಸಿ ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದ ಮೈಸೂರು ನಮ್ಮ ಪಕ್ಕದಲ್ಲೇ ಇದೆ. ಚಿತ್ರಗೀತೆಯೋ, ತತ್ವಪದವೋ, ಮಾದೇಶ್ವರನ ಪದವೋ, ವಾಚನಾಲಯದ ರೇಡಿಯೊಕ್ಕೆ ಕೈ ಬೀಸಿ ಹೆಜ್ಜೆ ಹಾಕಿದರೆ ನಗುವವರು ಒಂದು ವಾರ ನಕ್ಕಾರು. ಬೀಸು ಕಂಸಾಳೆಯವರು ತೋಳು, ಸೊಂಟ, ಮಂಡಿ ಎಲ್ಲವನ್ನೂ ಬಳಸಿ ಕುಣಿಯುವುದನ್ನು ಕಂಡ ನಮ್ಮ ಜನಕ್ಕೆ ಇದು ಹೊಸ ವಿದ್ಯೆಯಲ್ಲ.

ಮಾಡುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಹೀಗಿದೆ: 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಬಲ ಕೊಡುವ ಕಸರತ್ತು, ಮೂರು ದಿನ ಆಯ ತಪ್ಪದಂತೆ ನಿಲ್ಲುವ ಅಭ್ಯಾಸ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ 150 ನಿಮಿಷ ಮುಗಿಯಿತು. ಹೊನ್ನಾರಿನ ನಿಯಮ ಇಲ್ಲೂ ಅನ್ವಯಿಸುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು, ವಾರ ವಾರಕ್ಕೆ ಐದೈದು ನಿಮಿಷ ಏರಿಸಿ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲದಿರಬೇಕು. ಅದೇ ಸರಿಯಾದ ವೇಗ.

ನಡಿಗೆ ಮುಗಿಸಿ ವಾಚನಾಲಯದ ಮುಂದೆ ಬಂದಾಗ ಕಾಲಿನ ಕಸರತ್ತು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯ ಮೇಲೆ ಕುಳಿತು, ಕೈ ಊರದೆ ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರಬೇಕು. ದಬಕ್ಕನೆ ಕೂರಬಾರದು, ಇಳಿಯುವಾಗಲೂ ತೊಡೆಗೆ ಕೆಲಸವಿದೆ. ಐದು ಸಲದಿಂದ ಆರಂಭಿಸಿ ಹತ್ತಕ್ಕೆ ಏರಿಸಿ. ಆಮೇಲೆ ಕಂಬ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಹತ್ತು ಸಲ. ನಂತರ ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಹತ್ತು ಸಲ. ಕೊನೆಗೆ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಹಿಮ್ಮಡಿಗೆ ಬೆರಳು ತಾಗುವಂತೆ ಇಟ್ಟು ಹತ್ತು ಹೆಜ್ಜೆ, ಕಿರುಬದುವಿನ ಮೇಲೆ ನಡೆಯುವ ಹಾಗೆ. ಮೊದಮೊದಲು ಗೋಡೆ ಕೈಗೆಟುಕುವಂತಿರಲಿ, ಜೊತೆಗಾರ ಪಕ್ಕದಲ್ಲಿರಲಿ.

"ನಾನಿನ್ನೂ ಹೊಲಕ್ಕೆ ಹೋಗ್ತೀನಿ, ನನಗ್ಯಾಕೆ ಇದು?" ಎನ್ನುವವರು ಇದ್ದಾರೆ. ಅವರ ಮಾತು ನ್ಯಾಯವಾದದ್ದು. ಹೊಲದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆದರೆ ಕುಯ್ಲು ಮುಗಿದ ಮೇಲಿನ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ಬಗ್ಗಿ ಕಳೆ ಕೀಳುವುದರಿಂದ ಬೆನ್ನು ದಣಿಯುತ್ತದೆಯೇ ಹೊರತು ಒಂಟಿ ಕಾಲಲ್ಲಿ ಆಯ ಹಿಡಿಯುವ ಶಕ್ತಿ ಬರುವುದಿಲ್ಲ. ಅದನ್ನು ಬೇರೆಯಾಗಿ ಕಲಿಯಬೇಕು.

ಹೆಂಗಸರು ಎಲ್ಲಿ?

ಗಂಡಸರು ನಾಲ್ಕು ಮಂದಿ ಒಟ್ಟಿಗೆ ಹೋದರೆ ಅದು ವಾಯುಸಂಚಾರ; ಹೆಂಗಸರು ಹೋದರೆ ಹರಟೆ. ಈ ತಾರತಮ್ಯ ಬಿಡದೆ ಅಜ್ಜಿಯರ ನಡಿಗೆ ಸಾಗದು. ಮೊಮ್ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಬಿಸಿಲೇರಿರುತ್ತದೆ. ಅವರಿಗೆ ಸಂಜೆ ಐದರ ಹೊತ್ತು ವಾಸಿ. ಮಹಿಳಾ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಲೆಕ್ಕ ಬರೆಯುವ ಮುಂಚೆ ಕಾಲು ಗಂಟೆ ಕುರ್ಚಿಯ ಕಸರತ್ತು ಇಟ್ಟುಕೊಂಡರೆ ಬೇರೆ ಸಮಯ ಹುಡುಕಬೇಕಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲದೆ ಸೋಮವಾರದ ನಂಜುಂಡೇಶ್ವರನ ದರ್ಶನಕ್ಕೂ, ತಿರುಮಕೂಡಲಿನ ಸಂಗಮಕ್ಕೂ ಹೋಗಿಬರಬಹುದಾಗಿದೆ. ಜೊತೆಗಾತಿಯರೊಡನೆ ಹೋದ ಆ ಒಂದು ದಿನ ಬಸ್ ನಿಲ್ದಾಣದಿಂದ ಗುಡಿಯವರೆಗೆ ನಡೆದರೂ ಕಾಲಿಗೆ ಲಾಭವೇ. ಮಂಡಿ ನೋವಿರುವವರು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದನ್ನು ಕಡಮೆ ಮಾಡಿ ಮಣೆಯನ್ನೋ ಕುರ್ಚಿಯನ್ನೋ ಬಳಸಲಿ. ನಡಿಗೆಯನ್ನು ಮಾತ್ರ ಪೂರಾ ನಿಲ್ಲಿಸಬಾರದು; ತೊಡೆ ಬಲವಾದಷ್ಟೂ ಮಂಡಿಗೆ ಹಗುರ.

ಎಚ್ಚರಿಕೆ

ನಡೆಯುವಾಗ ಎದೆಯಲ್ಲಿ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಡೆಯದ ಏದುಸಿರು, ಕಣ್ಣು ಕತ್ತಲೆ ಬಂದರೆ ಅಲ್ಲಿಯೇ ಕೂರಿಸಿ ಕೂಡಲೇ 108ಕ್ಕೆ ಫೋನು ಮಾಡಬೇಕು. ಆರಂಭಿಸುವ ಮುಂಚೆ ಉಪಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. 30 ದಾಟಿದ ಎಲ್ಲರಿಗೂ ಅಲ್ಲಿ ಈ ತಪಾಸಣೆ ಪುಕ್ಕಟೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಮಂಚದಿಂದ ಥಟ್ಟನೆ ಏಳಬಾರದು, ಕಾಲು ಕೆಳಗಿಟ್ಟು ಎರಡು ನಿಮಿಷ ಕುಳಿತು ಏಳಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ನಡೆಯುವುದು ಅಪಾಯ. ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಒಂದು ಚೂರು ಬೆಲ್ಲವಿರಲಿ. ಬರಿಗಾಲಿನಲ್ಲಿ ನಡೆಯದೆ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಿ. ಹವಾಯಿ ಚಪ್ಪಲಿ ಜಾರುತ್ತದೆ. ಕಣ್ಣಿಗೆ ಪೊರೆ ಬಂದಿದ್ದರೆ ಮೊದಲು ಅದನ್ನು ತೆಗೆಸಿ.

ಕಬ್ಬಿನ ಗಾಡಿಗಳು ಓಡಾಡುವ ರಸ್ತೆಯಲ್ಲಿ ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು. ಮಬ್ಬುಗತ್ತಲಾದರೆ ಬಿಳಿ ಬಟ್ಟೆ, ಕೈಯಲ್ಲಿ ಬ್ಯಾಟರಿ. ನಾಲೆ ಏರಿಯ ಮೇಲೆ ಬೆಳಕಾಗುವವರೆಗೆ ಹೋಗದಿರುವುದೇ ಲೇಸು.

ಊಟದ ಬಗ್ಗೆ ಒಂದು ಮಾತು. ಹಲ್ಲು ಬಿದ್ದ ಮೇಲೆ ಮುದ್ದೆ, ನೀರು ಸಾರು, ಗಂಜಿಗೇ ನಿಲ್ಲುವವರು ಬಹಳ. ಮಾಂಸಖಂಡ ಕಟ್ಟಲು ಅಷ್ಟು ಸಾಲದು. ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿದ ಹುರುಳಿ, ಹಿತಕಿದ ಅವರೆ, ಗಟ್ಟಿ ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವುಗಳಲ್ಲಿ ಒಂದಾದರೂ ಎರಡು ಹೊತ್ತೂ ತಟ್ಟೆಯಲ್ಲಿರಲಿ. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಹಿರಿಯರಿಗೆ ಕರಿ ಕಾಫಿ ಕೊಡುವ ಮನೆಗಳು ಈ ಸಾಲನ್ನು ಎರಡು ಸಲ ಓದಬೇಕು.

ಇನ್ನು ಲೆಕ್ಕ ಇಡುವ ಬಗೆ. ವಾಚನಾಲಯದಲ್ಲಿ ಒಂದು ನೋಟುಬುಕ್ಕು ಇಟ್ಟು ಬಂದವರ ಹೆಸರಿನ ಮುಂದೆ ಗೀಟು ಹಾಕಿ. ಮೂರು ದಿನ ಗೀಟು ಬೀಳದವರ ಮನೆಗೆ ಜೋಡಿಯವರು ಹೋಗಿ ವಿಚಾರಿಸಬೇಕು. ತಿಂಗಳಿಗೊಮ್ಮೆ, ಮೊದಲ ಭಾನುವಾರವೆಂದು ಇಟ್ಟುಕೊಳ್ಳಿ, ಕೈಗಳನ್ನು ಎದೆಯ ಮೇಲೆ ಅಡ್ಡಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರಾ ಎದ್ದು ನಿಲ್ಲುತ್ತೀರೆಂದು ಎಣಿಸಿ ಬರೆಯಿರಿ. 65ರಿಂದ 69ರ ಗಂಡಸು 12 ಸಲಕ್ಕಿಂತ, ಹೆಂಗಸು 11 ಸಲಕ್ಕಿಂತ ಕಡಮೆ ಎದ್ದರೆ ಕಾಲು ಸೋತಿದೆಯೆಂದೂ, ಬೀಳುವ ಅಪಾಯ ಇದೆಯೆಂದೂ ತಿಳಿಯಬೇಕು. 80ರಿಂದ 84ರವರಲ್ಲಿ ಗಂಡಸರಿಗೆ 10, ಹೆಂಗಸರಿಗೆ 9. ಗಡಿಯಾರ ನೋಡಿ ಎಣಿಸಲು ಹೈಸ್ಕೂಲಿನ ಹುಡುಗನನ್ನೋ ಹುಡುಗಿಯನ್ನೋ ಕರೆಯಿರಿ. ಅವರು ಅಜ್ಜನಿಗೂ ಅರ್ಧ ಏಳುವಿಕೆಯನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.